ಕೊಟ್ಟಿದ್ದು ವಾಪಸ್ ಬರುತ್ತದೆಯೇ? ಭಾರತ ಮತ್ತು ಜರ್ಮನಿ ನಡುವೆ ಓಡಾಡುವವರಿಗೊಂದು ಹೋಲಿಕೆ

ಅಕ್ಕನ ಮಗ ಓದಲು ಜರ್ಮನಿಗೆ ಹೊರಟಿದ್ದಾನೆ. ಮೊನ್ನೆ ಮನೆಗೆ ಬಂದವನು, "ಮಾಮ, ಅಲ್ಲಿ ಪ್ರೈವಸಿ ನಮಗಿಂತ ಚೆನ್ನಾಗಿದೆಯಂತೆ, ಹೌದಾ?" ಎಂದು ಕೇಳಿದ. ಒಂಬತ್ತು ವರ್ಷ ಅಲ್ಲಿದ್ದು ಈಗ ಮೈಸೂರಿಗೆ ಮರಳಿರುವ ನನಗೆ ಒಂದೇ ಮಾತಿನಲ್ಲಿ ಹೌದು ಎನ್ನಲು ಆಗಲಿಲ್ಲ. ಜರ್ಮನಿಯಲ್ಲಿ ಮನೆ ಸೇರಿದ ಎರಡು ವಾರದೊಳಗೆ ಪುರಸಭೆಯ ಕಚೇರಿಗೆ ಹೋಗಿ ವಿಳಾಸ ನೋಂದಾಯಿಸಬೇಕು. ಆನ್‌ಮೆಲ್ಡುಂಗ್ ಎನ್ನುವ ಆ ಅರ್ಜಿಯಲ್ಲಿ ಧರ್ಮದ ಕಾಲಂ ಕೂಡ ಇದೆ. ಕೆಲವು ಚರ್ಚುಗಳ ಸದಸ್ಯರಿಂದ ಆದಾಯ ತೆರಿಗೆಯ 8 ಅಥವಾ 9 ಪ್ರತಿಶತವನ್ನು ಚರ್ಚ್ ತೆರಿಗೆಯಾಗಿ ಸರ್ಕಾರವೇ ಹಿಡಿದುಕೊಳ್ಳುತ್ತದೆ, ಅದಕ್ಕೆ ಆ ಕಾಲಂ. ನೋಂದಣಿ ಮುಗಿದ ಕೆಲವೇ ವಾರಗಳಲ್ಲಿ, ನಾನು ಯಾರಿಗೂ ವಿಳಾಸ ಕೊಡದಿದ್ದರೂ, ರೇಡಿಯೊ ಮತ್ತು ಟಿವಿ ಶುಲ್ಕ ಕಟ್ಟಿ ಎಂಬ ಪತ್ರ ಬಂತು. ಮನೆಗೆ ತಿಂಗಳಿಗೆ 18.36 ಯೂರೋ. ಕಚೇರಿಯೇ ವಿಳಾಸವನ್ನು ದಾಟಿಸಿತ್ತು, ಅದಕ್ಕೆ ಕಾನೂನಿನ ಒಪ್ಪಿಗೆಯೂ ಇದೆ. ಖಾಸಗಿತನಕ್ಕೆ ಹೆಸರಾದ ದೇಶ ನನ್ನನ್ನು ಬರಮಾಡಿಕೊಂಡದ್ದು ಹೀಗೆ.

ಹಾಗಾಗಿ ಯಾವ ದೇಶ ಮೇಲು ಎಂದು ನಾನು ತೂಗಲು ಹೋಗುವುದಿಲ್ಲ. ಒಂದೊಂದು ವ್ಯವಹಾರಕ್ಕೂ ಒಂದೇ ಪ್ರಶ್ನೆ ಕೇಳಿಕೊಳ್ಳುತ್ತೇನೆ: ಕೊಟ್ಟಿದ್ದು ವಾಪಸ್ ಬರುತ್ತದೆಯೇ? ಅದು ಹಣವಿರಬಹುದು, ಫೋನ್ ನಂಬರ್ ಇರಬಹುದು, ಕರಾರಿನ ಮೇಲಿನ ಸಹಿ ಇರಬಹುದು. ಹೊರಡುವವರು, ಹಿಂದಿರುಗುವವರು, ಎರಡೂ ಕಡೆ ಖಾತೆ ಇಟ್ಟುಕೊಂಡವರು ಎಲ್ಲಿ ಯಾವುದನ್ನು ಆರಿಸಿಕೊಳ್ಳಬಹುದು ಎಂದು ಆ ಪ್ರಶ್ನೆ ಹಿಡಿದೇ ಹೇಳುತ್ತೇನೆ.

ಹಣ: ನಗದು, ಕ್ಯೂಆರ್, ಕಾರ್ಡ್, ಅಥವಾ ಅವರೇ ತೆಗೆದುಕೊಳ್ಳಲಿ

ಜರ್ಮನರಿಗೆ ನಗದಿನ ಮೇಲೆ ಇನ್ನೂ ಪ್ರೀತಿ. ಅಲ್ಲಿನ ಕೇಂದ್ರ ಬ್ಯಾಂಕ್ ಬುಂಡೆಸ್‌ಬ್ಯಾಂಕ್ 2023ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಜನ ಮಾಡುವ ಪಾವತಿಗಳಲ್ಲಿ 51 ಪ್ರತಿಶತ ನಗದಿನಲ್ಲೇ ನಡೆಯುತ್ತವೆ. ನಮ್ಮಲ್ಲಿ 2016ರಲ್ಲಿ ಶುರುವಾದ ಯುಪಿಐ, 2025ರ ಆಗಸ್ಟ್ ಒಂದೇ ತಿಂಗಳಲ್ಲಿ 2,000 ಕೋಟಿ ವಹಿವಾಟು ದಾಟಿತು. ಸೊಪ್ಪಿನವರ ಗಾಡಿಯಲ್ಲೂ ಕ್ಯೂಆರ್ ಇದೆ, ಅಲ್ಲಿನ ಬೇಕರಿಯಲ್ಲಿ ಕಾರ್ಡ್ ತೆಗೆದರೆ "ನಗದು ಮಾತ್ರ" ಎಂಬ ಚೀಟಿ ತೋರಿಸುವುದುಂಟು. ಹೊಸದಾಗಿ ಹೋದವರು ಜೇಬಿನಲ್ಲಿ ಐವತ್ತು ಯೂರೋ ಇಟ್ಟುಕೊಳ್ಳುವುದು ಒಳ್ಳೆಯದು.

ನಗದಿಗೆ ಜಾಡಿಲ್ಲ. ಯಾರು, ಎಲ್ಲಿ, ಏನು ಕೊಂಡರು ಎಂಬುದು ಅಂಗಡಿಯ ಬಾಗಿಲಲ್ಲೇ ಮುಗಿಯುತ್ತದೆ. ಯುಪಿಐಯಲ್ಲಿ ಹಾಗಿಲ್ಲ, ಎಳನೀರು ಕೊಂಡರೂ ದಾಖಲೆ ಉಳಿಯುತ್ತದೆ. ನಿಮ್ಮ ಯುಪಿಐ ಐಡಿಯೇ ಫೋನ್ ನಂಬರ್ ಆಗಿದ್ದರಂತೂ ಹಣ ಪಡೆದವರ ಬಳಿ ಆ ನಂಬರೂ ಉಳಿಯಬಹುದು. ಇದಕ್ಕೆ ಮದ್ದು ಸುಲಭ: ಬಹುತೇಕ ಆ್ಯಪ್‌ಗಳಲ್ಲಿ ನಂಬರ್ ಇಲ್ಲದ ಇನ್ನೊಂದು ಐಡಿ ಮಾಡಿಕೊಳ್ಳಬಹುದು. ಜೊತೆಗೆ, ಸಂಬಳದ ಖಾತೆಯನ್ನು ಯುಪಿಐಗೆ ಜೋಡಿಸದೆ, ದಿನದ ಖರ್ಚಿಗೆಂದೇ ಸಣ್ಣ ಖಾತೆಯೊಂದನ್ನು ಇಟ್ಟುಕೊಳ್ಳಿ. ನಮ್ಮ ಮನೆಯಲ್ಲಿ ಅಪ್ಪನಿಗೂ ಹೀಗೇ ಮಾಡಿಕೊಟ್ಟಿದ್ದೇನೆ. ಅದರಲ್ಲಿ ಐದು ಸಾವಿರಕ್ಕಿಂತ ಹೆಚ್ಚು ಇರುವುದಿಲ್ಲ. ಯಾರಾದರೂ ಮೋಸ ಮಾಡಿದರೂ ಅಷ್ಟಕ್ಕೇ ನಿಲ್ಲುತ್ತದೆ.

ಯುಪಿಐಯಲ್ಲಿ ಒಂದು ಗುಣ ಮೊದಲಿನಿಂದಲೂ ಇತ್ತು: ಹಣ ಕಳಿಸುವ ಮೊದಲೇ ಎದುರಿನವರ ಹೆಸರು ಕಾಣುತ್ತದೆ. ಯೂರೋ ವಲಯದ ಬ್ಯಾಂಕುಗಳು ಹೆಸರನ್ನೂ ಖಾತೆ ಸಂಖ್ಯೆಯನ್ನೂ ತಾಳೆ ನೋಡಿ ಹೇಳಬೇಕೆಂಬ ನಿಯಮ ಜಾರಿಗೆ ಬಂದದ್ದು 2025ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮೊದಲು ಅಂಕಿ ತಪ್ಪಿ ಬೇರೆ ಯಾರದೋ ಖಾತೆಗೆ ಹೋದರೆ ಬ್ಯಾಂಕಿಗೆ ಅಲೆಯಬೇಕಿತ್ತು. ಈ ಒಂದು ವಿಷಯದಲ್ಲಿ ನಾವು ಅವರಿಗಿಂತ ಎಷ್ಟೋ ಮುಂದಿದ್ದೆವು.

ಆದರೆ ಕೊಟ್ಟ ಹಣ ವಾಪಸ್ ಬರುವ ಮಾತಿಗೆ ಬಂದರೆ ಜರ್ಮನಿಯ ಲಾಸ್ಟ್‌ಶ್ರಿಫ್ಟ್‌ಗೆ ಸಾಟಿಯಿಲ್ಲ. ಮೊದಲ ಬಾರಿ ಕೇಳಿದಾಗ ನನಗೆ ಗಾಬರಿಯಾಗಿತ್ತು. ನಮ್ಮ ಖಾತೆ ಸಂಖ್ಯೆ ಬರೆದು ಸಹಿ ಹಾಕಿಕೊಟ್ಟರೆ ವಿದ್ಯುತ್ ಕಂಪನಿಯೇ, ಫೋನ್ ಕಂಪನಿಯೇ ತಿಂಗಳು ತಿಂಗಳು ಖಾತೆಗೆ ಕೈಹಾಕಿ ಹಣ ತೆಗೆದುಕೊಳ್ಳುತ್ತದೆ. ಒಟಿಪಿ ಇಲ್ಲ, ಪಿನ್ ಇಲ್ಲ. ಆಮೇಲೆ ತಿಳಿಯಿತು, ಹಣ ಹೋದ ದಿನದಿಂದ ಎಂಟು ವಾರದೊಳಗೆ ಯಾವ ಕಾರಣವನ್ನೂ ಹೇಳದೆ ನಾನು ಅದನ್ನು ವಾಪಸ್ ತರಿಸಿಕೊಳ್ಳಬಹುದು. ನಾನು ಸಹಿಯೇ ಮಾಡಿರದಿದ್ದರೆ ಹದಿಮೂರು ತಿಂಗಳವರೆಗೂ ಅವಕಾಶವಿದೆ. ನೆಟ್ ಬ್ಯಾಂಕಿಂಗ್‌ನಲ್ಲಿ ಒಂದು ಗುಂಡಿ ಒತ್ತಿದರೆ ಹಣ ಖಾತೆಗೆ ಮರಳುತ್ತದೆ. ಒಮ್ಮೆ ವ್ಯಾಯಾಮಶಾಲೆಯೊಂದು ಎರಡು ಸಲ ಶುಲ್ಕ ತೆಗೆದಿತ್ತು. ಅವರಿಗೆ ಫೋನ್ ಮಾಡಿ ಜಗಳವಾಡುವ ಅಗತ್ಯವೇ ಬೀಳಲಿಲ್ಲ, ಸಂಜೆ ಕೂತು ಹಿಂಪಡೆದೆ. ಎಚ್ಚರಿಕೆಯ ಮಾತೂ ಒಂದಿದೆ. ನ್ಯಾಯವಾಗಿ ಕೊಡಬೇಕಾದ ಬಾಕಿಯನ್ನು ಹೀಗೆ ಹಿಂಪಡೆದರೆ ಸಾಲ ತೀರಿದಂತಾಗುವುದಿಲ್ಲ. ದಂಡ, ನೋಟಿಸ್, ಕೊನೆಗೆ ಸಾಲಯೋಗ್ಯತೆ ಅಳೆಯುವ ಷೂಫಾ ಸಂಸ್ಥೆಯ ದಾಖಲೆಯಲ್ಲಿ ಕಪ್ಪು ಚುಕ್ಕೆ, ಎಲ್ಲವೂ ಬರುತ್ತವೆ.

ನಮ್ಮಲ್ಲಿ ಇದಕ್ಕೆ ಸಮನಾದದ್ದು ಆಟೋಪೇ. ರಿಸರ್ವ್ ಬ್ಯಾಂಕಿನ ನಿಯಮದಂತೆ ಹಣ ಕಡಿತವಾಗುವ 24 ಗಂಟೆ ಮೊದಲೇ ಸಂದೇಶ ಬರಬೇಕು. ಸಾಮಾನ್ಯವಾಗಿ 15,000 ರೂಪಾಯಿ ಮೀರಿದರೆ ಪ್ರತಿ ಸಲವೂ ನಿಮ್ಮ ಒಪ್ಪಿಗೆ ಬೇಕು. ಜರ್ಮನಿಯ ಬೀಗ ಕಳ್ಳ ಹೋದ ಮೇಲೆ ಹಿಡಿಯುತ್ತದೆ, ನಮ್ಮದು ಬರುವ ಮೊದಲೇ ಎಚ್ಚರಿಸುತ್ತದೆ. ಆ ಸಂದೇಶ ಓದದೆ ಬಿಟ್ಟಿರೋ, ಹಣ ಹೋದಂತೆಯೇ, ಆಮೇಲೆ ಕಂಪನಿಯ ದಯೆ. ಆದ್ದರಿಂದ ತಿಂಗಳಿಗೊಮ್ಮೆ ಯುಪಿಐ ಆ್ಯಪ್‌ನ ಆಟೋಪೇ ಪಟ್ಟಿ ತೆರೆದು, ಬೇಡವಾದದ್ದನ್ನು ತೆಗೆದುಹಾಕುವ ಅಭ್ಯಾಸ ಇಟ್ಟುಕೊಳ್ಳಿ.

ಗೊತ್ತಿಲ್ಲದ ಆನ್‌ಲೈನ್ ಅಂಗಡಿಯಲ್ಲಿ ಏನು ಮಾಡಬೇಕು? ನಮ್ಮಲ್ಲಿ ಕ್ಯಾಶ್ ಆನ್ ಡೆಲಿವರಿ. ಜರ್ಮನಿಯಲ್ಲಿ "ಔಫ್ ರೆಖ್ನುಂಗ್". ವಸ್ತು ಮೊದಲು ಮನೆಗೆ ಬರುತ್ತದೆ, ಬಿಲ್ ನೋಡಿಕೊಂಡು ಆಮೇಲೆ ಹಣ ಹಾಕಿದರಾಯಿತು. ನಮ್ಮ ಊರಿನ ಉದ್ರಿ ಲೆಕ್ಕವನ್ನು ಇಡೀ ದೇಶ ಒಪ್ಪಿಕೊಂಡಂತೆ. ಆದರೆ ಉದ್ರಿ ಕೊಡುವ ಶೆಟ್ಟರು ನಮ್ಮ ಮುಖ ನೋಡಿ ನಂಬಿದರೆ, ಅಲ್ಲಿನ ಅಂಗಡಿ ನಿಮ್ಮ ಹೆಸರು, ವಿಳಾಸ, ಜನ್ಮದಿನ ಹಿಡಿದು ಸಾಲಯೋಗ್ಯತೆ ಸಂಸ್ಥೆಯಲ್ಲಿ ವಿಚಾರಿಸುತ್ತದೆ.

ಕಾರ್ಡ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ನಮ್ಮಲ್ಲಿ 2022ರ ಅಕ್ಟೋಬರ್ 1ರಿಂದ ಆನ್‌ಲೈನ್ ಅಂಗಡಿಗಳು ಕಾರ್ಡ್ ಸಂಖ್ಯೆಯನ್ನು ಇಟ್ಟುಕೊಳ್ಳುವಂತಿಲ್ಲ, ಬದಲಿಗೆ ಟೋಕನ್ ಎಂಬ ಬದಲಿ ಸಂಕೇತ ಇರುತ್ತದೆ. ಇದು ನಿಜಕ್ಕೂ ಒಳ್ಳೆಯ ಕೆಲಸ. ಪ್ರವಾಸ ಮುಗಿಸಿ ಬಂದೊಡನೆ ಭಾರತದ ಕಾರ್ಡಿನ ವಿದೇಶಿ ಬಳಕೆಯನ್ನು ಆ್ಯಪ್‌ನಲ್ಲಿ ಮುಚ್ಚಿಬಿಡಿ, ಹೊರದೇಶದ ಎಷ್ಟೋ ಜಾಲತಾಣಗಳು ಒಟಿಪಿ ಕೇಳುವುದಿಲ್ಲ. ಕಾರ್ಡ್ ಕಳೆದರೆ ಜರ್ಮನಿಯಲ್ಲಿ 116 116ಕ್ಕೆ ಕರೆ ಮಾಡಬೇಕು. ತಿಳಿಸುವ ಮೊದಲು ಕಳ್ಳ ಬಳಸಿದ್ದಕ್ಕೆ ನಿಮ್ಮ ಹೊಣೆ ಹೆಚ್ಚೆಂದರೆ 50 ಯೂರೋ, ಪಿನ್ ಅನ್ನು ಕಾರ್ಡಿನ ಹಿಂದೆ ಬರೆದಿಡುವಂಥ ಭಾರಿ ಅಜಾಗರೂಕತೆ ಇದ್ದರೆ ಮಾತ್ರ ಈ ರಕ್ಷಣೆ ಇಲ್ಲ. ಇಲ್ಲಿ ಆನ್‌ಲೈನ್ ವಂಚನೆಗೆ 1930. ರಿಸರ್ವ್ ಬ್ಯಾಂಕಿನ 2017ರ ನಿಯಮದಂತೆ, ನಮ್ಮದೂ ಬ್ಯಾಂಕಿನದೂ ತಪ್ಪಿಲ್ಲದೆ ಹೊರಗಿನವರಿಂದ ನಡೆದ ವಂಚನೆಯನ್ನು ಮೂರು ಕೆಲಸದ ದಿನಗಳೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಮ್ಮದಲ್ಲ. ಆದರೆ ಒಟಿಪಿಯನ್ನು ನಾವೇ ಹೇಳಿಬಿಟ್ಟಿದ್ದರೆ ಆ ನಿಯಮ ಕೈಹಿಡಿಯುವುದಿಲ್ಲ. ಮನೆಯ ಹಿರಿಯರಿಗೆ ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

ಫೋನ್ ನಂಬರ್

"ಮೇಡಂ, ಮೊಬೈಲ್ ನಂಬರ್ ಹೇಳಿ." ಸೀರೆ ಅಂಗಡಿ, ಔಷಧಿ ಅಂಗಡಿ, ಸೂಪರ್ ಮಾರ್ಕೆಟ್, ಎಲ್ಲಿ ಹೋದರೂ ಇದೇ. ಅಮ್ಮ ಹತ್ತು ಅಂಕಿಯನ್ನು ಗಟ್ಟಿಯಾಗಿ ಹೇಳಿಬಿಡುತ್ತಾರೆ, ಸಾಲಿನಲ್ಲಿ ಹಿಂದೆ ನಿಂತವರಿಗೂ ಕೇಳುವಂತೆ. ನಂಬರ್ ಕೊಡದಿದ್ದರೆ ಬಿಲ್ ಕೊಡುವುದಿಲ್ಲ ಎನ್ನುವಂತಿಲ್ಲ ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ವ್ಯಾಪಾರಿಗಳಿಗೆ ಹೇಳಿದೆ. ನಾನು "ನಂಬರ್ ಬೇಡ, ಪೇಪರ್ ಬಿಲ್ ಸಾಕು" ಎನ್ನುತ್ತೇನೆ. ಹತ್ತರಲ್ಲಿ ಎಂಟು ಕಡೆ ಸುಮ್ಮನೆ ಕೊಡುತ್ತಾರೆ. ಉಳಿದ ಎರಡು ಕಡೆ ಕಂಪ್ಯೂಟರ್ ಒಪ್ಪುವುದಿಲ್ಲ ಎನ್ನುತ್ತಾರೆ. ಕೌಂಟರ್‌ನಲ್ಲಿ ನಿಂತ ಹುಡುಗಿಯ ಮೇಲೆ ರೇಗಿ ಏನೂ ಪ್ರಯೋಜನವಿಲ್ಲ, ಅವಳು ಮಾಡಿದ ತಂತ್ರಾಂಶವಲ್ಲ ಅದು. ಮ್ಯಾನೇಜರನ್ನು ಕರೆಯಿರಿ ಎಂದು ವಿನಯವಾಗಿ ಹೇಳಿದರೆ ಕೆಲಸವಾಗುತ್ತದೆ.

ನಂಬರ್ ನಮ್ಮಲ್ಲಿ ಬರೀ ನಂಬರ್ ಅಲ್ಲ. ಬ್ಯಾಂಕ್, ಆಧಾರ್, ಗ್ಯಾಸ್, ಡಿಜಿಲಾಕರ್, ಎಲ್ಲದರ ಬೀಗದ ಕೈ ಅದೇ. ಬಳಸದೆ ಬಿಟ್ಟ ನಂಬರನ್ನು ಫೋನ್ ಕಂಪನಿ ಸ್ಥಗಿತಗೊಳಿಸಿ, 90 ದಿನಗಳ ನಂತರ ಇನ್ನೊಬ್ಬರಿಗೆ ಕೊಡಬಹುದು. ವಿದೇಶಕ್ಕೆ ಹೋದವರು ರೀಚಾರ್ಜ್ ಮರೆತರೆ ಬೀಗದ ಕೈ ಅಪರಿಚಿತರ ಕೈಸೇರುತ್ತದೆ. ಹಾಗಾಗಿ ಅಕ್ಕನ ಮಗನಿಗೆ ಹೇಳಿದ ಮೊದಲ ಮಾತು ಇದು: ಭಾರತದ ನಂಬರನ್ನು ಕಡಿಮೆ ದರದ ರೀಚಾರ್ಜ್‌ನಲ್ಲಿ ಜೀವಂತವಾಗಿಡು, ಎರಡನೇ ಸಿಮ್ ಜಾಗದಲ್ಲಿ ಇಟ್ಟುಕೋ. ಅನಿವಾಸಿ ಖಾತೆಗೆ ವಿದೇಶಿ ನಂಬರ್ ಜೋಡಿಸಿ ಯುಪಿಐ ಬಳಸಲು 2023ರಲ್ಲಿ ಹತ್ತು ದೇಶಗಳಿಗೆ ಅವಕಾಶ ಕೊಟ್ಟಾಗ ಆ ಪಟ್ಟಿಯಲ್ಲಿ ಜರ್ಮನಿ ಇರಲಿಲ್ಲ. ಇನ್ನೊಂದು ಕೆಲಸ, ಸರ್ಕಾರದ ಸಂಚಾರ್ ಸಾಥಿ ತಾಣದಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡುವುದು. ನನ್ನ ಹೆಸರಿನಲ್ಲಿ ನಾನು ಕಂಡೇ ಇರದ ಒಂದು ನಂಬರ್ ಇತ್ತು. ಅದು ನನ್ನದಲ್ಲ ಎಂದು ಅಲ್ಲೇ ಗುರುತು ಹಾಕಿದೆ.

ಜರ್ಮನಿಯಲ್ಲಿ ಅಂಗಡಿಯವರು ನಂಬರ್ ಕೇಳುವುದಿಲ್ಲ. "ಪೇಬ್ಯಾಕ್ ಕಾರ್ಡ್ ಇದೆಯೇ?" ಎಂದು ಕೇಳುತ್ತಾರೆ. ಕೊಂಡಾಗಲೆಲ್ಲ ಅಂಕ ಕೊಡುವ ಕಾರ್ಡ್ ಅದು, ಕೆಲವೇ ಸೆಂಟ್ ಬೆಲೆಯ ಆ ಅಂಕಗಳಿಗಾಗಿ ನೀವು ಕೊಂಡ ಪ್ರತಿ ವಸ್ತುವಿನ ಪಟ್ಟಿ ಹೋಗುತ್ತದೆ. ಪ್ರಶ್ನೆ ಬೇರೆ, ಕೊಡುವ ವಸ್ತು ಒಂದೇ. ಇಲ್ಲ ಎಂದರೆ ಯಾರೂ ಎರಡನೇ ಸಲ ಕೇಳುವುದಿಲ್ಲ ಎನ್ನುವುದೊಂದು ನೆಮ್ಮದಿ. ಸಿಮ್ ಕೊಳ್ಳಲು 2017ರ ಜುಲೈನಿಂದ ಅಲ್ಲೂ ಗುರುತಿನ ಪತ್ರ ಕಡ್ಡಾಯ.

ಜಾಹೀರಾತು ಕರೆಗಳ ವಿಷಯದಲ್ಲಿ ಮಾತ್ರ ಜರ್ಮನಿಯನ್ನು ಕಣ್ಣುಮುಚ್ಚಿ ಆರಿಸುತ್ತೇನೆ. ಅಲ್ಲಿ ಮೊದಲೇ ಸ್ಪಷ್ಟ ಒಪ್ಪಿಗೆ ಇಲ್ಲದೆ ಗ್ರಾಹಕರಿಗೆ ಕರೆ ಮಾಡುವುದೇ ಅಪರಾಧ, ದಂಡ 3 ಲಕ್ಷ ಯೂರೋವರೆಗೆ. ನಮ್ಮಲ್ಲಿ ಬೇಡ ಎಂದು ನಾವೇ 1909ಕ್ಕೆ ಹೇಳಿ ನೋಂದಾಯಿಸಬೇಕು, ಹೇಳದಿದ್ದರೆ ಒಪ್ಪಿದಂತೆ. ಒಂಬತ್ತು ವರ್ಷದಲ್ಲಿ ನನಗೆ ಅಲ್ಲಿ ಬಂದ ಇಂಥ ಕರೆಗಳನ್ನು ಬೆರಳಿನಲ್ಲಿ ಎಣಿಸಬಹುದು. ಮೈಸೂರಿಗೆ ಬಂದ ಮೇಲೆ ಅಷ್ಟು ಕರೆಗಳು ಒಂದು ಮಧ್ಯಾಹ್ನದಲ್ಲಿ ಬಂದಿವೆ, ಅಪ್ಪ ಮಲಗಿರುವ ಹೊತ್ತಿನಲ್ಲಿ. ಅಲ್ಲಿ ಅಂಚೆಪೆಟ್ಟಿಗೆಯ ಮೇಲೆ "ಬಿಟ್ಟೆ ಕೈನೆ ವೆರ್ಬುಂಗ್", ಅಂದರೆ ದಯವಿಟ್ಟು ಜಾಹೀರಾತು ಬೇಡ ಎಂದು ಅಂಟಿಸಿದರೆ ಸಾಕು, ಅದಕ್ಕೆ ಅಲ್ಲಿನ ಉನ್ನತ ನ್ಯಾಯಾಲಯದ 1988ರ ತೀರ್ಪಿನ ಬಲವಿದೆ.

ಗುರುತಿನ ಚೀಟಿ

ಒಮ್ಮೆ ಝೆರಾಕ್ಸ್ ಅಂಗಡಿಯೊಂದರಲ್ಲಿ ಲೆಕ್ಕ ಬರೆದುಕೊಡಲು ಹುಡುಗ ಪಕ್ಕದ ರಾಶಿಯಿಂದ ಒಂದು ಹಾಳೆ ಎಳೆದ. ಹಿಂಬದಿ ತಿರುಗಿಸಿದರೆ ಯಾರೋ ಹೆಂಗಸಿನ ಆಧಾರ್ ಪ್ರತಿ, ಫೋಟೊ, ವಿಳಾಸ, ಹನ್ನೆರಡು ಅಂಕಿ ಎಲ್ಲವೂ ಸ್ಪಷ್ಟ. ನಾನು ಅದನ್ನು ಹರಿದು ಹಾಕಿಸಿದೆ. ಆ ರಾಶಿಯಲ್ಲಿ ಇನ್ನೆಷ್ಟು ಇದ್ದವೋ ಎಂದು ಈಗಲೂ ಮನಸ್ಸಿಗೆ ಕಸಿವಿಸಿ.

ಆಧಾರ್ ಕೊಡಬೇಕಾದಾಗ ಆಯ್ಕೆಗಳಿವೆ. ಪ್ರಾಧಿಕಾರದ ತಾಣದಿಂದ ಮಾಸ್ಕ್ಡ್ ಆಧಾರ್ ಇಳಿಸಿಕೊಳ್ಳಬಹುದು, ಅದರಲ್ಲಿ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುತ್ತವೆ. ಹದಿನಾರು ಅಂಕಿಯ ವರ್ಚುವಲ್ ಐಡಿ ಇದೆ, ಬೇಕೆಂದಾಗ ಹೊಸದು ಮಾಡಿಕೊಳ್ಳಬಹುದು. ಬೆರಳಚ್ಚನ್ನು ಬೀಗ ಹಾಕಿಡಬಹುದು. ಲಾಡ್ಜ್, ಅಪಾರ್ಟ್‌ಮೆಂಟ್ ಗೇಟ್, ಕೊರಿಯರ್ ಮುಂತಾದ ಕಡೆ ನಾನು ಆಧಾರ್ ಬದಲು ಡ್ರೈವಿಂಗ್ ಲೈಸೆನ್ಸ್ ತೋರಿಸುತ್ತೇನೆ. ಪ್ರತಿ ಕೊಡಲೇಬೇಕಾದರೆ ಮಾಸ್ಕ್ಡ್ ಪ್ರತಿಯ ಮೇಲೆ ದಿನಾಂಕ ಮತ್ತು ಯಾವ ಕೆಲಸಕ್ಕೆ ಎಂದು ಅಡ್ಡಲಾಗಿ ಬರೆಯುತ್ತೇನೆ. 2022ರ ಮೇ ತಿಂಗಳಲ್ಲಿ ಆಧಾರ್ ಪ್ರಾಧಿಕಾರದ ಬೆಂಗಳೂರು ಕಚೇರಿಯೇ, ಕಂಡಕಂಡವರಿಗೆ ಪ್ರತಿ ಕೊಡಬೇಡಿ, ಮಾಸ್ಕ್ಡ್ ಬಳಸಿ ಎಂದು ಪ್ರಕಟಣೆ ಕೊಟ್ಟಿತ್ತು. ಜನ ತಪ್ಪು ತಿಳಿದಾರು ಎಂದು ಎರಡೇ ದಿನದಲ್ಲಿ ಕೇಂದ್ರ ಅದನ್ನು ಹಿಂತೆಗೆದುಕೊಂಡಿತು. ನನ್ನ ಮಟ್ಟಿಗೆ ಆ ಸಲಹೆ ಈಗಲೂ ಸರಿ.

ಜರ್ಮನಿಯ ಕಾನೂನು ಗುರುತಿನ ಚೀಟಿಯ ನಕಲಿನ ಬಗ್ಗೆ ಕಟ್ಟುನಿಟ್ಟು. ಒಡೆಯನ ಒಪ್ಪಿಗೆ ಬೇಕು, ಅದು ನಕಲು ಎಂದು ಎದ್ದು ಕಾಣಬೇಕು. ಬೇಡದ ವಿವರಗಳ ಮೇಲೆ ಕಪ್ಪು ಬಳಿದು ಕೊಡುವುದು ಅಲ್ಲಿ ಸಾಮಾನ್ಯ. ಹನ್ನೊಂದು ಅಂಕಿಯ ತೆರಿಗೆ ಸಂಖ್ಯೆ ಪ್ರತಿಯೊಬ್ಬರಿಗೂ ಇದೆ, ಆದರೆ ಸಿಮ್ ಅಂಗಡಿಯವನು ಅದನ್ನು ಕೇಳುವುದಿಲ್ಲ. ಅದೇ ಬಾಡಿಗೆ ಮನೆ ಹುಡುಕುವಾಗ ಎಲ್ಲ ಬಿಗುವೂ ಸಡಿಲ. ಮೂರು ತಿಂಗಳ ಸಂಬಳದ ಚೀಟಿ, ಷೂಫಾ ಪತ್ರ, ಹಿಂದಿನ ಮಾಲೀಕರ ಪತ್ರ, ಎಲ್ಲವನ್ನೂ ಮನೆ ನೋಡುವ ದಿನವೇ ಕಟ್ಟು ಕಟ್ಟಿಕೊಂಡು ಹೋಗುತ್ತಾರೆ. ಹಾಗೆ ಮಾಡಬೇಡಿ. ಮನೆ ನೋಡುವಾಗ ಹೆಸರು ಮತ್ತು ಫೋನ್ ಸಾಕು. ಮಾಲೀಕರು ನಿಮ್ಮನ್ನು ಆರಿಸುವ ಹಂತಕ್ಕೆ ಬಂದ ಮೇಲೆ ಉಳಿದದ್ದು ಕೊಡಿ. ನಕಲಿ ಮನೆ ಜಾಹೀರಾತು ಹಾಕಿ ಪಾಸ್‌ಪೋರ್ಟ್ ಪ್ರತಿ ಸಂಗ್ರಹಿಸುವವರೂ ಅಲ್ಲಿದ್ದಾರೆ, ಹೊಸ ವಿದ್ಯಾರ್ಥಿಗಳೇ ಅವರ ಗುರಿ.

ಕರಾರು ಮತ್ತು ಪ್ರೀಪೇಯ್ಡ್

ನಮ್ಮಲ್ಲಿ ಬಹುತೇಕ ಎಲ್ಲವೂ ಪ್ರೀಪೇಯ್ಡ್. ರೀಚಾರ್ಜ್ ಮುಗಿದರೆ ಸಂಬಂಧ ಮುಗಿಯಿತು. ಇದು ಗ್ರಾಹಕನಿಗೆ ಎಂಥ ದೊಡ್ಡ ಸ್ವಾತಂತ್ರ್ಯ ಎಂದು ನನಗೆ ಗೊತ್ತಾದದ್ದು ಜರ್ಮನಿಯಲ್ಲಿ. ಅಲ್ಲಿ ಫೋನ್, ಇಂಟರ್‌ನೆಟ್, ವ್ಯಾಯಾಮಶಾಲೆ ಎಲ್ಲಕ್ಕೂ ಕರಾರು, ಸಾಮಾನ್ಯವಾಗಿ 24 ತಿಂಗಳು. ನಾನು ಹೋದ ಕಾಲದಲ್ಲಿ ಮುಗಿಯುವ ಮೂರು ತಿಂಗಳು ಮೊದಲೇ ಪತ್ರ ಬರೆದು ಬೇಡ ಎನ್ನದಿದ್ದರೆ ತಾನಾಗಿ ಇನ್ನೊಂದು ವರ್ಷ ಮುಂದುವರಿಯುತ್ತಿತ್ತು. ನಾಲ್ಕು ದಿನ ತಡವಾಗಿ ಪತ್ರ ಹಾಕಿದ್ದಕ್ಕೆ ಒಂದು ಇಂಟರ್‌ನೆಟ್ ಕಂಪನಿಗೆ ಇಡೀ ವರ್ಷದ ಹಣ ಕಟ್ಟಿದ್ದೇನೆ. ಫೋನ್, ಇಂಟರ್‌ನೆಟ್ ಕರಾರುಗಳಲ್ಲಿ 2021ರ ಡಿಸೆಂಬರ್‌ನಿಂದ, ವ್ಯಾಯಾಮಶಾಲೆಯಂಥ ಹೊಸ ಕರಾರುಗಳಲ್ಲಿ 2022ರ ಮಾರ್ಚ್‌ನಿಂದ, ಮೊದಲ ಅವಧಿ ಮುಗಿದ ಮೇಲೆ ಒಂದು ತಿಂಗಳ ಸೂಚನೆ ಕೊಟ್ಟು ಯಾವಾಗ ಬೇಕಾದರೂ ಹೊರಬರಬಹುದು. 2022ರ ಜುಲೈನಿಂದ, ಆನ್‌ಲೈನ್‌ನಲ್ಲಿ ಇಂಥ ಕರಾರು ಮಾಡಿಸುವ ಕಂಪನಿ ತನ್ನ ತಾಣದಲ್ಲೇ ರದ್ದತಿಯ ಗುಂಡಿಯನ್ನೂ ಇಡಬೇಕು.

ಆಯ್ಕೆ ಕೇಳಿದರೆ: ಒಂದೆರಡು ವರ್ಷಕ್ಕೆ ಓದಲು ಹೋಗುವವರು ಜರ್ಮನಿಯಲ್ಲೂ ಪ್ರೀಪೇಯ್ಡ್ ಸಿಮ್ ಅನ್ನೇ ಕೊಳ್ಳಿ, ದರ ತುಸು ಹೆಚ್ಚಾದರೂ ಚಿಂತೆಯಿಲ್ಲ. ಮನೆಯ ಇಂಟರ್‌ನೆಟ್‌ಗೆ ಮಾಸಿಕ ಕರಾರು ಸಿಕ್ಕರೆ ಅದು. ಸಿಗದಿದ್ದರೆ 24 ತಿಂಗಳಿನದಕ್ಕೆ ಸಹಿ ಹಾಕಿದ ದಿನವೇ ರದ್ದತಿಯ ಪತ್ರವನ್ನೂ ಕಳಿಸಿಬಿಡಿ. ಅವಧಿ ಮುಗಿದ ದಿನ ತಾನಾಗಿ ನಿಲ್ಲುತ್ತದೆ. ಕಂಪನಿಯವರು ಬೇಜಾರು ಮಾಡಿಕೊಳ್ಳುವುದಿಲ್ಲ, ಎಷ್ಟೋ ಜರ್ಮನರು ಹೀಗೇ ಮಾಡುತ್ತಾರೆ.

ಕೊಂಡ ವಸ್ತು ಇಷ್ಟವಾಗದಿದ್ದರೆ

ಜರ್ಮನಿಯಲ್ಲಿ ಆನ್‌ಲೈನ್‌ನಲ್ಲಿ ಕೊಂಡದ್ದನ್ನು 14 ದಿನದೊಳಗೆ ಕಾರಣ ಹೇಳದೆ ಹಿಂದಿರುಗಿಸುವುದು ಕಾನೂನಿನ ಹಕ್ಕು. ಈ ಹಕ್ಕು ಆನ್‌ಲೈನ್, ಫೋನ್, ಮನೆಬಾಗಿಲಿನ ಮಾರಾಟಕ್ಕೆ ಮಾತ್ರ. ಅಂಗಡಿಗೆ ನಡೆದುಹೋಗಿ ಕೊಂಡದ್ದಕ್ಕೆ ಇಲ್ಲ, ಅಲ್ಲಿ ವಾಪಸ್ ತೆಗೆದುಕೊಳ್ಳುವುದು ಅಂಗಡಿಯವರ ಸೌಜನ್ಯ. ಬಹಳ ಜನ ಇಲ್ಲಿ ತಪ್ಪುತ್ತಾರೆ. ಆದ್ದರಿಂದ ಅಳತೆ ಸಂಶಯವಿರುವ ಬೂಟು, ಕೋಟುಗಳನ್ನು ಆನ್‌ಲೈನ್‌ನಲ್ಲೂ, ನೋಡಿಯೇ ಕೊಳ್ಳಬೇಕಾದ್ದನ್ನು ಅಂಗಡಿಯಲ್ಲೂ ಕೊಳ್ಳಿ.

ಹೊಸ ವಸ್ತು ಕೆಟ್ಟರೆ ಮಾರಿದ ಅಂಗಡಿಯೇ ಎರಡು ವರ್ಷ ಹೊಣೆ. 2022ರಿಂದ ಮೊದಲ 12 ತಿಂಗಳಲ್ಲಿ ದೋಷ ಕಂಡರೆ ಅದು ಮಾರುವಾಗಲೇ ಇತ್ತು ಎಂದು ಕಾನೂನು ನಂಬುತ್ತದೆ, ಅಲ್ಲವೆಂದು ಸಾಬೀತು ಮಾಡಬೇಕಾದವರು ಅಂಗಡಿಯವರು. ನಮ್ಮಲ್ಲಿ ಮಿಕ್ಸಿ ಕೆಟ್ಟರೆ "ಸರ್ವಿಸ್ ಸೆಂಟರ್‌ಗೆ ಹೋಗಿ" ಎಂದು ಅಂಗಡಿಯವರು ಕೈತೊಳೆದುಕೊಳ್ಳುತ್ತಾರೆ, ವಾರಂಟಿ ಕಂಪನಿಯದು. ಅಲ್ಲಿ ಇದ್ದು ಬಂದವನಿಗೆ ಇದು ನುಂಗಲು ಕಷ್ಟ.

ಇಷ್ಟಾದರೂ ನಮ್ಮಲ್ಲಿರುವ ಎರಡು ಅನುಕೂಲ ಅಲ್ಲಿಲ್ಲ. ಒಂದು ಎಂಆರ್‌ಪಿ. ರೈಲು ನಿಲ್ದಾಣದಲ್ಲಿ ನೀರಿನ ಬಾಟಲಿಗೆ ಮನಸ್ಸಿಗೆ ಬಂದ ಬೆಲೆ ಹಾಕುವುದು ಜರ್ಮನಿಯಲ್ಲಿ ತಪ್ಪಲ್ಲ. ಅಲ್ಲಿ ಬೆಲೆ ನಿಗದಿಯಾಗಿರುವ ಕೆಲವೇ ವಸ್ತುಗಳಲ್ಲಿ ಪುಸ್ತಕ ಒಂದು. ಇನ್ನೊಂದು, ದೂರಿನ ಬಾಗಿಲು. ಗ್ರಾಹಕ ಸಹಾಯವಾಣಿ 1915ಕ್ಕೆ ಕನ್ನಡದಲ್ಲೇ ದೂರು ಹೇಳಬಹುದು, ಆಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ಕೊಟ್ಟ ಬೆಲೆ 5 ಲಕ್ಷದವರೆಗಿದ್ದರೆ ಶುಲ್ಕವೇ ಇಲ್ಲ, ವಕೀಲರೂ ಕಡ್ಡಾಯವಲ್ಲ. ಹಣ ಕೊಡದ ಒಂದು ಟ್ರಾವೆಲ್ಸ್‌ನವರ ವಿರುದ್ಧ 1915ಕ್ಕೆ ದೂರು ಕೊಟ್ಟೆ, ಹನ್ನೆರಡನೇ ದಿನ ಹಣ ಬಂತು. ಜರ್ಮನಿಯಲ್ಲಿ ಗ್ರಾಹಕ ಕೇಂದ್ರಗಳು ಒಳ್ಳೆಯ ಸಲಹೆ ಕೊಡುತ್ತವೆ, ಆದರೆ ಹಲವು ಸಲಹೆಗೆ ಶುಲ್ಕವಿದೆ, ಮಾತು ಜರ್ಮನ್.

ನನ್ನ ಬಗ್ಗೆ ನಿಮ್ಮ ಬಳಿ ಏನಿದೆ?

ಈ ಪ್ರಶ್ನೆಯನ್ನು ಒಂದು ಕಂಪನಿಗೆ ಕೇಳುವ ಧೈರ್ಯ ನನಗೆ ಬಂದದ್ದು ಅಲ್ಲಿ. ಜಗತ್ತಿನ ಮೊದಲ ದತ್ತಾಂಶ ರಕ್ಷಣೆ ಕಾಯ್ದೆ ಬಂದದ್ದು ಜರ್ಮನಿಯ ಹೆಸ್ಸೆನ್ ರಾಜ್ಯದಲ್ಲಿ, 1970ರಲ್ಲಿ. ಜನಗಣತಿಯ ಪ್ರಶ್ನೆಪಟ್ಟಿಗೆ ಜನ ತಿರುಗಿಬಿದ್ದಾಗ, ನಮ್ಮ ಮಾಹಿತಿಯ ಬಗ್ಗೆ ನಾವೇ ನಿರ್ಧರಿಸುವ ಹಕ್ಕು ನಮಗಿದೆ ಎಂದು ಅಲ್ಲಿನ ಸಂವಿಧಾನ ನ್ಯಾಯಾಲಯ 1983ರ ಡಿಸೆಂಬರ್‌ನಲ್ಲಿ ಹೇಳಿತು. ಸರ್ಕಾರದ ಪೊಲೀಸರು ಜನರ ಬದುಕಿನ ಕಡತ ಇಟ್ಟ ಎರಡು ಕಾಲಗಳನ್ನು, ನಾಜಿಗಳದ್ದೂ ಪೂರ್ವ ಜರ್ಮನಿಯದ್ದೂ, ಕಂಡ ದೇಶ ಅದು. 2018ರಿಂದ ಇಡೀ ಐರೋಪ್ಯ ಒಕ್ಕೂಟಕ್ಕೆ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣೆ ಕಾನೂನು ಇದೆ. ಅದರ 15ನೇ ವಿಧಿಯಡಿ ಎರಡು ಸಾಲಿನ ಮಿಂಚಂಚೆ ಬರೆದರೆ ಸಾಕು, ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉಚಿತವಾಗಿ ಉತ್ತರ ಕೊಡಬೇಕು. ನಾನು ಒಂದು ಆನ್‌ಲೈನ್ ಅಂಗಡಿಗೆ ಬರೆದಾಗ ನಲವತ್ತು ಪುಟ ಬಂತು. ಆರು ವರ್ಷ ಹಿಂದೆ ನೋಡಿ ಕೊಳ್ಳದೆ ಬಿಟ್ಟ ಮಗುವಿನ ತೊಟ್ಟಿಲು ಕೂಡ ಅದರಲ್ಲಿತ್ತು. ಅದನ್ನು ಓದಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಆಮೇಲೆ 17ನೇ ವಿಧಿಯಡಿ ಅಳಿಸಿ ಎಂದು ಬರೆದೆ, ಅಳಿಸಿದರು.

ನಮ್ಮಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕು ಎನಿಸಿದ ಮೊಕದ್ದಮೆಯ ಅರ್ಜಿದಾರರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಆಧಾರ್ ವಿರುದ್ಧ 2012ರಲ್ಲಿ ಅರ್ಜಿ ಹಾಕಿದಾಗ ಅವರ ವಯಸ್ಸು ಎಂಬತ್ತು ದಾಟಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದ ತೀರ್ಪು ಕೊಟ್ಟಿತು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಹದಿನೆಂಟು ತಿಂಗಳ ಕಾಲಾವಕಾಶವಿದೆ. ಕೇಳುವ, ತಿದ್ದಿಸುವ, ಅಳಿಸುವ ಹಕ್ಕು ಇದರಲ್ಲೂ ಇದೆ. ದಂಡ 250 ಕೋಟಿ ರೂಪಾಯಿವರೆಗೆ, ಆದರೆ ಅದು ಸರ್ಕಾರಕ್ಕೆ ಹೋಗುತ್ತದೆ. ಯುರೋಪಿನ ಕಾನೂನಿನಲ್ಲಿ ನೊಂದವರು ಪರಿಹಾರ ಕೇಳಬಹುದು, ನಮ್ಮದರಲ್ಲಿ ಆ ದಾರಿ ಇಟ್ಟಿಲ್ಲ. ಸರ್ಕಾರಕ್ಕೆ ವಿನಾಯಿತಿಗಳೂ ವಿಶಾಲವಾಗಿವೆ. ಪುಟ್ಟಸ್ವಾಮಿಯವರ ನಾಡಿನ ಜನವಾಗಿ ನಾವು ಇದಕ್ಕಿಂತ ಹೆಚ್ಚಿನದನ್ನು ಕೇಳಬೇಕಿತ್ತು ಎಂದು ನನಗನ್ನಿಸುತ್ತದೆ.

ಈಗಲೇ ಎರಡೂ ಕಡೆ ಉಚಿತವಾಗಿ ಸಿಗುವುದು ಸಾಲದ ದಾಖಲೆ. ಭಾರತದಲ್ಲಿ ಪ್ರತಿ ಕ್ರೆಡಿಟ್ ಸಂಸ್ಥೆ ವರ್ಷಕ್ಕೊಮ್ಮೆ ಪೂರ್ಣ ವರದಿ ಕೊಡಬೇಕು. ಷೂಫಾದಿಂದ ಉಚಿತ ಪ್ರತಿ ಪಡೆಯಲು "ದಾಟೆನ್‌ಕೋಪಿ" ಎಂದು ಹುಡುಕಿ. ಅದೇ ತಾಣದಲ್ಲಿ ಎದ್ದು ಕಾಣುವ ಇನ್ನೊಂದು ಪತ್ರಕ್ಕೆ ಹಣ ಕೊಡಬೇಕಾಗುತ್ತದೆ.

ಫೋಟೊ, ಕ್ಯಾಮೆರಾ

ಗೂಗಲ್‌ನ ಸ್ಟ್ರೀಟ್ ವ್ಯೂ 2010ರಲ್ಲಿ ಜರ್ಮನಿಯ 20 ನಗರಗಳಿಗೆ ಬಂದಾಗ ಸುಮಾರು 2,44,000 ಮನೆಯವರು ನಮ್ಮ ಮನೆ ಮಸುಕು ಮಾಡಿ ಎಂದರು. ಮರುವರ್ಷ ಬೆಂಗಳೂರಿನಲ್ಲಿ ಶುರುವಾದಾಗ ತಡೆದದ್ದು ಪೊಲೀಸರು, ಭದ್ರತೆಯ ಕಾರಣಕ್ಕೆ. ಅದು ಮತ್ತೆ ಬಂದದ್ದು 2022ರಲ್ಲಿ. ಅಲ್ಲಿ ಬೇಡ ಎಂದವರು ಮನೆಯವರು, ಇಲ್ಲಿ ಬೇಡ ಎಂದದ್ದು ಸರ್ಕಾರ.

ಅಲ್ಲಿ ಶಿಶುವಿಹಾರಕ್ಕೆ ಮಗಳನ್ನು ಸೇರಿಸಿದ ದಿನ ಫೋಟೊ ತೆಗೆಯಬಹುದೇ, ಗೋಡೆಗೆ ಹಾಕಬಹುದೇ, ತಾಣದಲ್ಲಿ ಹಾಕಬಹುದೇ ಎಂದು ಬೇರೆಬೇರೆಯಾಗಿ ಸಹಿ ಕೇಳಿದ್ದರು. ಇಲ್ಲಿನ ಶಾಲೆಯಲ್ಲಿ ಮಗಳು ಛದ್ಮವೇಷ ಹಾಕಿದ ಫೋಟೊ ನಾನು ನೋಡುವ ಮೊದಲೇ ಇನ್ನೂರು ಜನರ ವಾಟ್ಸ್‌ಆ್ಯಪ್ ಗುಂಪಿನಲ್ಲಿತ್ತು. ಟೀಚರಿಗೆ ಪತ್ರ ಬರೆದು ಕೇಳಿಕೊಂಡ ಮೇಲೆ ಅವಳ ಫೋಟೊ ನನಗೆ ಮಾತ್ರ ಕಳಿಸುತ್ತಾರೆ. ಯಾರೂ ತಪ್ಪು ತಿಳಿಯಲಿಲ್ಲ. ಮನೆಬಾಗಿಲಿನ ಕ್ಯಾಮೆರಾ ಹಾಕುವವರು ಒಂದು ನೆನಪಿಡಿ: ಜರ್ಮನಿಯಲ್ಲಿ ಅದು ರಸ್ತೆಯನ್ನಾಗಲಿ ಪಕ್ಕದ ಮನೆಯ ಬಾಗಿಲನ್ನಾಗಲಿ ನೋಡುವಂತಿಲ್ಲ.

ಊರು ಬಿಡುವಾಗ

ಜರ್ಮನಿ ಬಿಡುವವರು ಹೊರಡುವ ಹೊತ್ತಿಗೆ ವಿಳಾಸದ ನೋಂದಣಿ ರದ್ದು ಮಾಡಿಸಿ, ಅದನ್ನು ಅಪ್‌ಮೆಲ್ಡುಂಗ್ ಎನ್ನುತ್ತಾರೆ. ಕೊಟ್ಟ ರಸೀದಿಯನ್ನು ಸ್ಕ್ಯಾನ್ ಮಾಡಿ ಜೋಪಾನವಾಗಿಡಿ. ರೇಡಿಯೊ ಶುಲ್ಕ ನಿಲ್ಲಿಸಲು ಬೇಕಾಗುವುದು ಅದೇ. ಇಂಟರ್‌ನೆಟ್ ಕರಾರು ಮುರಿಯುವಾಗಲೂ ಅದನ್ನೇ ಕೇಳುತ್ತಾರೆ. ಅಂಗಡಿ ಖಾತೆಗಳನ್ನು ಮುಚ್ಚುವ ಮೊದಲು ಅಳಿಸುವ ಕೋರಿಕೆ ಕಳಿಸಿ, ಖಾತೆ ಮುಚ್ಚಿದ ಮೇಲೆ ನೀವು ಯಾರೆಂದು ಸಾಬೀತು ಮಾಡುವುದೇ ಕಷ್ಟವಾಗುತ್ತದೆ. ಬ್ಯಾಂಕ್ ಖಾತೆಯನ್ನು ಮಾತ್ರ ಕೊನೆಗೆ ಮುಚ್ಚಿ. ಮನೆಯ ಠೇವಣಿ, ಹೆಚ್ಚೆಂದರೆ ಮೂರು ತಿಂಗಳ ಬಾಡಿಗೆಯಷ್ಟು, ಮಾಲೀಕರು ತಮ್ಮ ಹಣದ ಜೊತೆ ಬೆರೆಸದೆ ಬೇರೆ ಖಾತೆಯಲ್ಲಿ ಬಡ್ಡಿ ಸಹಿತ ಇಟ್ಟಿರಬೇಕೆಂದು ಕಾನೂನಿದೆ, ಆದರೆ ಲೆಕ್ಕ ಮುಗಿಸಿ ಕೊಡಲು ಹಲವು ತಿಂಗಳು ಹಿಡಿಯುತ್ತದೆ. ನನ್ನದು ಏಳನೇ ತಿಂಗಳಲ್ಲಿ ಬಂತು, ಎಪ್ಪತ್ತೊಂದು ಸೆಂಟ್ ಬಡ್ಡಿ ಸೇರಿಸಿ.